ಫ್ಯಾಸಿಯಾ ಹಸ್ತಚಿಕಿತ್ಸೆ

ಫ್ಯಾಸಿಯಾ ಹಸ್ತಚಿಕಿತ್ಸೆ: ಸ್ನಾಯುಗಳನ್ನೂ ಕೀಲುಗಳನ್ನೂ ಆವರಿಸಿ ಒಂದಕ್ಕೊಂದು ಬೆಸೆದಿರುವ ಫ್ಯಾಸಿಯಾ ಎಂಬ ಸಂಯೋಜಕ ಅಂಗಾಂಶವನ್ನು ಕೈಯಿಂದ ಒತ್ತಿ, ಎಳೆದು, ಉಜ್ಜಿ ನೋವು ಮತ್ತು ಬಿಗಿತವನ್ನು ಕಡಿಮೆ ಮಾಡುವ ಚಿಕಿತ್ಸಾಕ್ರಮಗಳ ಒಟ್ಟು ಹೆಸರು. ಮಯೋಫ್ಯಾಸಿಯಲ್ ರಿಲೀಸ್, ರೋಲ್ಫಿಂಗ್, ಸಂಯೋಜಕ ಅಂಗಾಂಶ ಮಸಾಜ್ ಮತ್ತು ಫ್ಯಾಸಿಯಲ್ ಮ್ಯಾನಿಪ್ಯುಲೇಷನ್ ಇದರ ಮುಖ್ಯ ಕವಲುಗಳು. ಇದರಲ್ಲಿ ಔಷಧವಿಲ್ಲ, ಶಸ್ತ್ರಕ್ರಿಯೆಯಿಲ್ಲ. ಸೊಂಟ, ಕುತ್ತಿಗೆ, ಹಿಮ್ಮಡಿ, ಮೊಣಕೈ ನೋವುಗಳಿಗೆ ಫಿಸಿಯೋಥೆರಪಿಸ್ಟರು ವ್ಯಾಯಾಮದ ಜೊತೆಗೆ ಇದನ್ನು ಬಳಸುತ್ತಾರೆ. ನೋವು ತಗ್ಗುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅದು ಏಕೆ ತಗ್ಗುತ್ತದೆ ಎಂಬ ವಿವರಣೆ ಮಾತ್ರ ಕಳೆದ ಎರಡು ದಶಕಗಳಲ್ಲಿ ಬಹಳ ಬದಲಾಗಿದೆ.

ಪದಬಳಕೆ

ಈ ಲೇಖನದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ ಸ್ನಾಯುರಜ್ಜು. ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ ಅಸ್ಥಿರಜ್ಜು. ಸುಶ್ರುತಸಂಹಿತೆಯಲ್ಲಿ ಮಾಂಸಖಂಡಕ್ಕೆ ಪೇಶಿ ಎಂಬ ಪದವಿದ್ದು, ಸ್ನಾಯು ಎಂಬುದು ಕಟ್ಟುವ ನಾರುರಚನೆಗಳಿಗೆ ಸಲ್ಲುತ್ತದೆ. ಆಯುರ್ವೇದ ಗ್ರಂಥಗಳ ಜೊತೆ ಹೋಲಿಸಿ ಓದುವವರು ಇದನ್ನು ಗಮನದಲ್ಲಿಡಬೇಕು.

ಫ್ಯಾಸಿಯಾ ಎಂದರೆ ಯಾವುದೆಲ್ಲ ಸೇರುತ್ತದೆ ಎಂಬುದರಲ್ಲಿ ತಜ್ಞರಲ್ಲೇ ಎರಡು ಮತಗಳಿವೆ. ಶರೀರರಚನಾಶಾಸ್ತ್ರಜ್ಞರು ಕತ್ತರಿಸಿ ಬಿಡಿಸಿ ತೋರಿಸಬಹುದಾದ ಪೊರೆ ಮತ್ತು ಹಾಳೆಗಳನ್ನು ಮಾತ್ರ ಫ್ಯಾಸಿಯಾ ಎನ್ನುತ್ತಾರೆ. ಚಿಕಿತ್ಸಕರು ಸ್ನಾಯುರಜ್ಜು, ಅಸ್ಥಿರಜ್ಜು, ಕೀಲುಚೀಲ, ನರಗಳ ಹೊದಿಕೆ ಎಲ್ಲವನ್ನೂ ಸೇರಿಸಿ ಇಡೀ ದೇಹವನ್ನು ವ್ಯಾಪಿಸಿದ ಒಂದೇ ಜಾಲವೆಂದು ಪರಿಗಣಿಸುತ್ತಾರೆ. ಫ್ಯಾಸಿಯಾ ರಿಸರ್ಚ್ ಸೊಸೈಟಿ ನೇಮಿಸಿದ ಪದನಿರ್ಣಯ ಸಮಿತಿ ಮೊದಲ ಅರ್ಥಕ್ಕೆ ‘ಫ್ಯಾಸಿಯಾ’ ಎಂದೂ ಎರಡನೆಯದಕ್ಕೆ ‘ಫ್ಯಾಸಿಯಾ ವ್ಯವಸ್ಥೆ’ ಎಂದೂ ಬೇರೆಬೇರೆ ಲಕ್ಷಣ ಹೇಳಿತು. ಇಲ್ಲಿ ಪದವನ್ನು ಮೊದಲ ಅರ್ಥದಲ್ಲೇ ಬಳಸಿದೆ.

ರಚನೆ

ಕುರಿಮಾಂಸವನ್ನು ಹೆಚ್ಚುವಾಗ ಖಂಡದ ಮೇಲಿಂದ ಸುಲಿದು ತೆಗೆಯುವ ಬಿಳಿಯ, ಹೊಳೆಯುವ ಪೊರೆ ಫ್ಯಾಸಿಯಾವೇ. ಮನುಷ್ಯನಲ್ಲೂ ಅದು ಹಾಗೆಯೇ ಕಾಣುತ್ತದೆ. ಶವಚ್ಛೇದನ ಕಲಿಸುವ ಮೇಜಿನ ಮೇಲೆ ಸ್ನಾಯು, ನರ, ರಕ್ತನಾಳಗಳನ್ನು ಸ್ಪಷ್ಟವಾಗಿ ತೋರಿಸಲು ಇದನ್ನೇ ಮೊದಲು ಕಿತ್ತು ಬದಿಗಿಡುವ ರೂಢಿ. ಈ ಅಂಗಾಂಶದ ಅಧ್ಯಯನ ಬಹುಕಾಲ ಹಿಂದುಳಿಯಲು ಅದೂ ಒಂದು ಕಾರಣ.

ಚರ್ಮದ ಅಡಿಯಲ್ಲಿ ಕೊಬ್ಬಿನ ನಡುವೆ ಹರಡಿರುವ ತೆಳುಪದರ ಮೇಲ್ಪದರದ ಫ್ಯಾಸಿಯಾ. ಅದರ ಕೆಳಗೆ ಸ್ನಾಯುಗಳನ್ನು ಬಿಗಿಯಾಗಿ ಸುತ್ತಿರುವುದು ಆಳದ ಫ್ಯಾಸಿಯಾ. ಒಳಅಂಗಗಳನ್ನು ಆವರಿಸಿದ ಫ್ಯಾಸಿಯಾ ಬೇರೊಂದಿದೆ. ಸ್ನಾಯು ಮತ್ತು ಕೀಲು ನೋವಿನ ಚಿಕಿತ್ಸೆಗೆ ಮುಖ್ಯವಾದದ್ದು ಆಳದ ಫ್ಯಾಸಿಯಾ. ಕೈಕಾಲುಗಳಲ್ಲಿ ಇದರ ದಪ್ಪ ಸುಮಾರು 1 ಮಿಲಿಮೀಟರ್. ಅಷ್ಟರಲ್ಲೇ ಎರಡು ಮೂರು ಪದರಗಳಿರುತ್ತವೆ. ಒಂದೊಂದು ಪದರದೊಳಗೆ ಕೊಲಾಜೆನ್ ನಾರುಗಳು ಒಂದೇ ದಿಕ್ಕಿಗೆ ಸಾಲಾಗಿದ್ದು, ಪಕ್ಕದ ಪದರದಲ್ಲಿ ದಿಕ್ಕು ಬದಲಾಗುತ್ತದೆ. ಪದರಗಳ ನಡುವೆ ಸಡಿಲವಾದ ಸಂಯೋಜಕ ಅಂಗಾಂಶವೂ ಹೈಯಲುರೊನಾನ್ ಎಂಬ ಜಾರು ವಸ್ತುವೂ ಇರುತ್ತವೆ. ಸ್ನಾಯು ಕುಗ್ಗಿ ಹಿಗ್ಗುವಾಗ ಪದರಗಳು ಒಂದರ ಮೇಲೊಂದು ಸರಿಯುವುದು ಇದರ ನೆರವಿನಿಂದ. ಈ ವಸ್ತುವನ್ನು ತಯಾರಿಸುವ ವಿಶೇಷ ಕೋಶಗಳನ್ನು ಇಟಲಿಯ ಪಡೋವಾ ವಿಶ್ವವಿದ್ಯಾಲಯದ ಕಾರ್ಲಾ ಸ್ಟೆಕ್ಕೊ ಮತ್ತು ಸಂಗಡಿಗರು 2018ರಲ್ಲಿ ವರ್ಣಿಸಿ ‘ಫ್ಯಾಸಿಯಾಸೈಟ್’ ಎಂದು ಹೆಸರಿಟ್ಟರು.

ಫ್ಯಾಸಿಯಾದಲ್ಲಿ ನರತುದಿಗಳು ದಟ್ಟವಾಗಿವೆ. ನೋವನ್ನು ಗ್ರಹಿಸುವ ತೆರೆದ ನರತುದಿಗಳ ಜೊತೆಗೆ ನಿಧಾನವಾದ ಎಳೆತಕ್ಕೆ ಸ್ಪಂದಿಸುವ ರುಫಿನಿ ಗ್ರಾಹಕಗಳೂ ಕಂಪನ ಮತ್ತು ಒತ್ತಡದ ಥಟ್ಟನೆಯ ಬದಲಾವಣೆಗೆ ಸ್ಪಂದಿಸುವ ಪಾಚೀನಿ ಗ್ರಾಹಕಗಳೂ ಇಲ್ಲಿ ಸಿಗುತ್ತವೆ. ಆದ್ದರಿಂದ ಇದನ್ನು ಬರಿಯ ಹೊದಿಕೆ ಎನ್ನುವಂತಿಲ್ಲ. ದೇಹದ ಭಂಗಿ ಮತ್ತು ಚಲನೆಯ ಅರಿವು ಮಿದುಳಿಗೆ ತಲುಪುವ ದಾರಿಗಳಲ್ಲಿ ಇದೂ ಒಂದು.

ಚಿಕಿತ್ಸೆಯ ದೃಷ್ಟಿಯಿಂದ ಮೂರು ಕಡೆಯ ಫ್ಯಾಸಿಯಾ ಮುಖ್ಯ. ಮೊದಲನೆಯದು ಸೊಂಟದ ಹಿಂಭಾಗದ ಎದೆ-ಸೊಂಟದ ಫ್ಯಾಸಿಯಾ. ಬೆನ್ನಿನ ಅಗಲ ಸ್ನಾಯುವಾದ ಲ್ಯಾಟಿಸಿಮಸ್ ಡಾರ್ಸಿ ಮತ್ತು ಪಿರ್ರೆಯ ದೊಡ್ಡ ಸ್ನಾಯು ಎರಡೂ ಇದಕ್ಕೆ ಅಂಟಿಕೊಂಡಿರುವುದರಿಂದ ತೋಳಿನ ಎಳೆತ ಬೆನ್ನಿನ ಮೂಲಕ ಎದುರು ಬದಿಯ ಕಾಲಿಗೆ ದಾಟುತ್ತದೆ. ಎರಡನೆಯದು ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮಂಡಿಯ ಕೆಳಗಿನವರೆಗೆ ಇಳಿಯುವ ಇಲಿಯೋಟಿಬಿಯಲ್ ಪಟ್ಟಿ. ಮೂರನೆಯದು ಹಿಮ್ಮಡಿಯ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಚಾಚಿರುವ ಅಂಗಾಲಿನ ಫ್ಯಾಸಿಯಾ. ಹೆಬ್ಬೆರಳನ್ನು ಮೇಲಕ್ಕೆ ಮಡಿಸಿದಾಗ ಇದು ಬಿಗಿದು ಪಾದದ ಕಮಾನನ್ನು ಎತ್ತುತ್ತದೆ. ಈ ಕ್ರಿಯೆಯನ್ನು ಬ್ರಿಟನ್ನಿನ ಜೆ. ಎಚ್. ಹಿಕ್ಸ್ 1954ರಲ್ಲಿ ವಿವರಿಸಿದ.

ನೋವಿನೊಡನೆ ಸಂಬಂಧ

ಪೆಟ್ಟು, ಶಸ್ತ್ರಕ್ರಿಯೆ, ಬಹುಕಾಲದ ನಿಶ್ಚಲತೆ, ಒಂದೇ ಚಲನೆಯ ಮಿತಿಮೀರಿದ ಪುನರಾವರ್ತನೆ ಇವುಗಳಿಂದ ಪದರಗಳ ಜಾರಿಕೆ ಕುಂದುತ್ತದೆ ಎಂಬುದು ಈ ಚಿಕಿತ್ಸೆಗಳ ಹಿಂದಿನ ತಿಳಿವು. ಹೈಯಲುರೊನಾನ್ ಗಟ್ಟಿಯಾಗಿ ಅಂಟಂಟಾದಾಗ ಪದರಗಳ ನಡುವಿನ ನರತುದಿಗಳು ಸಾಮಾನ್ಯ ಚಲನೆಗೂ ಕೆರಳುತ್ತವೆ ಎಂದು ಪಡೋವಾದ ಸಂಶೋಧಕರು ವಾದಿಸುತ್ತಾರೆ. ಗಟ್ಟಿಯಾದ ಈ ದ್ರವದ ಸ್ಥಿತಿಯನ್ನೂ ನಾರುಗಳೇ ಹೆಚ್ಚಿ ಗಾಯದ ಕಲೆಯಂತಾದ ಸ್ಥಿತಿಯನ್ನೂ ಅವರು ಬೇರೆಬೇರೆಯಾಗಿ ಎಣಿಸುತ್ತಾರೆ. ಮೊದಲನೆಯದು ಕೈಗೆ ಬಗ್ಗಬಹುದು, ಎರಡನೆಯದು ಸುಲಭವಾಗಿ ಬಗ್ಗದು.

ಇದಕ್ಕೆ ಪೂರಕವಾದ ಒಂದು ಅಳತೆ ಅಮೆರಿಕದಿಂದ ಬಂದಿದೆ. ಹೆಲೆನ್ ಲಾಂಜೆವಿನ್ ಮತ್ತು ಸಂಗಡಿಗರು 2011ರಲ್ಲಿ ಅಲ್ಟ್ರಾಸೌಂಡ್ ಮೂಲಕ ಎದೆ-ಸೊಂಟದ ಫ್ಯಾಸಿಯಾವನ್ನು ಗಮನಿಸಿದಾಗ, ದೀರ್ಘಕಾಲದ ಸೊಂಟನೋವಿದ್ದವರಲ್ಲಿ ಪದರಗಳ ಪರಸ್ಪರ ಜಾರಿಕೆ ನೋವಿಲ್ಲದವರಿಗಿಂತ ಸುಮಾರು 20 ಪ್ರತಿಶತ ಕಡಿಮೆಯಿತ್ತು. ಜಾರಿಕೆ ಕುಂದಿದ್ದರಿಂದ ನೋವು ಬಂತೇ, ನೋವಿಗೆ ಹೆದರಿ ಅಲುಗಾಡದೆ ಇದ್ದುದರಿಂದ ಜಾರಿಕೆ ಕುಂದಿತೇ ಎಂಬುದನ್ನು ಇಂಥ ಅಧ್ಯಯನ ತೀರ್ಮಾನಿಸಲಾರದು.

ಜನ ‘ಗಂಟು’ ಎಂದು ಬೆರಳಿಟ್ಟು ತೋರಿಸುವ, ಒತ್ತಿದರೆ ದೂರಕ್ಕೂ ನೋವು ಹರಡುವ ಜಾಗಗಳಿಗೆ ವೈದ್ಯಕೀಯದಲ್ಲಿ ಟ್ರಿಗರ್ ಪಾಯಿಂಟ್ ಎಂಬ ಹೆಸರಿದೆ. ಇವುಗಳ ನಿಜಸ್ವರೂಪ ವಿವಾದದಲ್ಲಿದೆ. ಒಬ್ಬನೇ ರೋಗಿಯಲ್ಲಿ ಇಬ್ಬರು ಪರಿಣತರು ಬೇರೆಬೇರೆ ಜಾಗದಲ್ಲಿ ಗಂಟು ಗುರುತಿಸುವುದು ಅಪರೂಪವಲ್ಲ.

ಇತಿಹಾಸ

ಫ್ಯಾಸಿಯಾಕ್ಕೆ ಚಿಕಿತ್ಸೆಯಲ್ಲಿ ಮೊದಲು ಮಹತ್ವ ಕೊಟ್ಟವನು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ (1828–1917). 1874ರಲ್ಲಿ ಆಸ್ಟಿಯೋಪತಿ ಎಂಬ ಹೊಸ ಪದ್ಧತಿಯನ್ನು ಸಾರಿದ ಈತ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಅದರ ಮೊದಲ ಶಾಲೆ ತೆರೆದ. 1899ರ ಗ್ರಂಥದಲ್ಲಿ ರೋಗದ ಮೂಲವನ್ನು ಹುಡುಕಬೇಕಾದ ಜಾಗಗಳಲ್ಲಿ ಫ್ಯಾಸಿಯಾವನ್ನು ಎಣಿಸಿದ್ದಾನೆ.

ಜರ್ಮನಿಯ ಎಲಿಜಬೆತ್ ಡಿಕೆ 1929ರಲ್ಲಿ ತನ್ನದೇ ಕಾಯಿಲೆಯ ನಡುವೆ ಸಂಯೋಜಕ ಅಂಗಾಂಶ ಮಸಾಜನ್ನು ರೂಪಿಸಿದಳು. ರಕ್ತಸಂಚಾರ ಕೆಟ್ಟ ಆಕೆಯ ಕಾಲನ್ನು ಕತ್ತರಿಸಬೇಕಾದೀತೆಂಬ ಸ್ಥಿತಿ ಇತ್ತು. ಸೊಂಟದ ಕೆಳಗಿನ ಬಿಗಿದ ಅಂಗಾಂಶವನ್ನು ಬೆರಳಿನಿಂದ ಎಳೆದಾಗ ಕಾಲಿಗೆ ಬಿಸುಪು ಬಂದದ್ದು ಈ ವಿಧಾನದ ಆರಂಭ. ಬ್ರಿಟನ್ನಿನಲ್ಲಿ ವೈದ್ಯ ಜೇಮ್ಸ್ ಸಿರಿಯಾಕ್ಸ್ (1904–1985) ಸ್ನಾಯುರಜ್ಜು ಮತ್ತು ಅಸ್ಥಿರಜ್ಜುಗಳ ನಾರಿಗೆ ಅಡ್ಡಲಾಗಿ ಉಜ್ಜುವ ಕ್ರಮವನ್ನು ಬಳಕೆಗೆ ತಂದ.

ಈ ಕ್ಷೇತ್ರದ ಅತ್ಯಂತ ಪ್ರಭಾವಿ ವ್ಯಕ್ತಿ ಐಡಾ ರೋಲ್ಫ್ (1896–1979). 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ರಾಕ್‌ಫೆಲರ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಈಕೆ ಆಸ್ಟಿಯೋಪತಿಯನ್ನೂ ಯೋಗವನ್ನೂ ಅಭ್ಯಾಸಮಾಡಿದ್ದಳು. ದೇಹದ ಭಾಗಗಳು ಗುರುತ್ವಾಕರ್ಷಣೆಯ ರೇಖೆಗೆ ಹೊಂದಿ ನಿಲ್ಲುವಂತೆ ಫ್ಯಾಸಿಯಾವನ್ನು ಹತ್ತು ಸರದಿಗಳಲ್ಲಿ ಕ್ರಮವಾಗಿ ಸಡಿಲಿಸುವ ಪದ್ಧತಿಯನ್ನು ಕಟ್ಟಿದಳು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ಕಲಿಸಿದ್ದರಿಂದ ಇದು ರೋಲ್ಫಿಂಗ್ ಎಂಬ ಹೆಸರಿನಲ್ಲಿ ಹರಡಿತು. 1971ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿ ಇದರ ಸಂಸ್ಥೆ ನೆಲೆಗೊಂಡಿತು.

ಇತ್ತ ವೈದ್ಯಕೀಯದ ಒಳಗಿನಿಂದ ಜಾನೆಟ್ ಟ್ರಾವೆಲ್ (1901–1997) ಸ್ನಾಯುನೋವಿನ ನಕ್ಷೆಗಳನ್ನು ಬರೆದಳು. ಅಮೆರಿಕದ ಅಧ್ಯಕ್ಷ ಕೆನಡಿಯ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟ ಆಕೆ ಶ್ವೇತಭವನದ ವೈದ್ಯೆಯೂ ಆದಳು. ಡೇವಿಡ್ ಸೈಮನ್ಸ್ ಜೊತೆ ಬರೆದ ಟ್ರಿಗರ್ ಪಾಯಿಂಟ್ ಕೈಪಿಡಿಯ ಸಂಪುಟಗಳು 1983 ಮತ್ತು 1992ರಲ್ಲಿ ಬಂದವು. ಮಯೋಫ್ಯಾಸಿಯಲ್ ರಿಲೀಸ್ ಎಂಬ ಹೆಸರು ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆಸ್ಟಿಯೋಪತಿ ವೈದ್ಯ ರಾಬರ್ಟ್ ವಾರ್ಡ್ ಮತ್ತು ಸಹೋದ್ಯೋಗಿಗಳಿಂದ ಬಳಕೆಗೆ ಬಂತು. ಅದರ ಮೃದುವಾದ ರೂಪವನ್ನು ಫಿಸಿಯೋಥೆರಪಿಸ್ಟ್ ಜಾನ್ ಬಾರ್ನ್ಸ್ ಜನಪ್ರಿಯಗೊಳಿಸಿದ. ಇಟಲಿಯ ಫಿಸಿಯೋಥೆರಪಿಸ್ಟ್ ಲೂಯಿಜಿ ಸ್ಟೆಕ್ಕೊ ಫ್ಯಾಸಿಯಲ್ ಮ್ಯಾನಿಪ್ಯುಲೇಷನ್ ರೂಪಿಸಿದ. ಅದಕ್ಕೆ ಶರೀರರಚನೆಯ ಆಧಾರ ಹುಡುಕಿದ ಕಾರ್ಲಾ ಸ್ಟೆಕ್ಕೊ ಆತನ ಮಗಳು. 2007ರಲ್ಲಿ ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಫ್ಯಾಸಿಯಾ ಸಮ್ಮೇಳನದಲ್ಲಿ ಚಿಕಿತ್ಸಕರೂ ಪ್ರಯೋಗಾಲಯದ ವಿಜ್ಞಾನಿಗಳೂ ಒಂದೆಡೆ ಸೇರಿದರು.

ವಿಧಗಳು

ಮಯೋಫ್ಯಾಸಿಯಲ್ ರಿಲೀಸ್‌ನಲ್ಲಿ ನೇರ ಮತ್ತು ಪರೋಕ್ಷ ಎಂಬ ಎರಡು ಬಗೆಗಳಿವೆ. ನೇರ ಬಗೆಯಲ್ಲಿ ಬೆರಳಗೆಣ್ಣು, ಮುಂಗೈ ಅಥವಾ ಮೊಣಕೈಯನ್ನು ಅಂಗಾಂಶಕ್ಕೆ ಇಳಿಸಿ, ತಡೆ ಸಿಕ್ಕಲ್ಲಿ ನಿಂತು, ಅದು ಬಿಡುತ್ತ ಬಂದಂತೆ ನಿಧಾನವಾಗಿ ಸರಿಯುತ್ತಾರೆ. ಪರೋಕ್ಷ ಬಗೆಯಲ್ಲಿ ಒತ್ತಡ ಬಹಳ ಹಗುರ. ಎರಡೂ ಅಂಗೈಗಳನ್ನು ಅಡ್ಡಲಾಗಿ ಇಟ್ಟು ಚರ್ಮವನ್ನು ಎದುರುಬದುರು ದಿಕ್ಕಿಗೆ ನವಿರಾಗಿ ಎಳೆದು ಕೆಲವು ನಿಮಿಷ ಹಿಡಿಯುತ್ತಾರೆ. ಎರಡರಲ್ಲೂ ಎಣ್ಣೆಯನ್ನು ಬಳಸುವುದಿಲ್ಲ, ಬಳಸಿದರೂ ಅತ್ಯಲ್ಪ. ಕೈ ಜಾರಿದರೆ ಅಂಗಾಂಶಕ್ಕೆ ಎಳೆತ ಸಿಗದು. ಗರಡಿಮನೆಯ ಮಾಲೀಸಿನಿಂದಲೂ ಆಯುರ್ವೇದದ ಅಭ್ಯಂಗದಿಂದಲೂ ಇದನ್ನು ಬೇರ್ಪಡಿಸುವ ಮೊದಲ ಗುರುತು ಇದು.

ಫ್ಯಾಸಿಯಲ್ ಮ್ಯಾನಿಪ್ಯುಲೇಷನ್‌ನಲ್ಲಿ ನೋವಿರುವ ಜಾಗಕ್ಕಿಂತ ಆ ಚಲನೆಯನ್ನು ನಿಯಂತ್ರಿಸುವ ಬಿಂದು ಮುಖ್ಯ. ಮಂಡಿ ನೋಯುತ್ತಿದ್ದರೆ ತೊಡೆಯ ನಡುವಿನ ಒಂದು ಬಿಂದುವನ್ನು ಹುಡುಕಿ ಮೊಣಕೈ ಅಥವಾ ಗೆಣ್ಣಿನಿಂದ ಕೆಲವು ನಿಮಿಷ ಆಳವಾಗಿ ಉಜ್ಜುತ್ತಾರೆ. ಉಜ್ಜುವಾಗ ಮೊದಲು ನೋವು ಹೆಚ್ಚಾಗಿದ್ದು ಕ್ರಮೇಣ ಇಳಿಯುತ್ತದೆ. ರೋಲ್ಫಿಂಗ್ ನೋವಿನ ಜಾಗಕ್ಕೆ ಸೀಮಿತವಾಗದೆ ಇಡೀ ದೇಹದ ನಿಲುವನ್ನು ಗುರಿಯಾಗಿಸುತ್ತದೆ. ಚರ್ಮವನ್ನು ಹಿಡಿದೆತ್ತಿ ಉರುಳಿಸುವ ಕ್ರಮ, ಲೋಹದ ಅಂಚಿರುವ ಉಪಕರಣಗಳಿಂದ ಸವರುವ ಕ್ರಮ ಇವೂ ಬಳಕೆಯಲ್ಲಿವೆ. ಚೀನಾದ ಗ್ವಾಶಾ ಉಪಕರಣದಿಂದ ಕೆರೆಯುವ ಹಳೆಯ ಪದ್ಧತಿ. ಫೋಮ್ ರೋಲರ್ ಮೇಲೆ ಮೈ ಉರುಳಿಸುವುದು ಸ್ವಚಿಕಿತ್ಸೆಯ ರೂಪ. ಕ್ರೀಡಾಪಟುಗಳಲ್ಲೂ ಜಿಮ್‌ಗಳಲ್ಲೂ ಇದು ಸಾಮಾನ್ಯ.

ಚಿಕಿತ್ಸೆಯ ಕ್ರಮ

ಮೊದಲಿಗೆ ನೋವಿನ ಚರಿತ್ರೆ ಕೇಳಿ, ಯಾವ ಚಲನೆ ಎಲ್ಲಿಯವರೆಗೆ ನೋವಿಲ್ಲದೆ ಆಗುತ್ತದೆಂದು ಅಳೆಯುತ್ತಾರೆ. ಅದೇ ಅಳತೆಯನ್ನು ಚಿಕಿತ್ಸೆಯ ನಂತರ ಮತ್ತೆ ತೆಗೆಯುವುದು ಒಳ್ಳೆಯ ಚಿಕಿತ್ಸಕರ ಅಭ್ಯಾಸ.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಚುಚ್ಚುವ ಹಿಮ್ಮಡಿ ನೋವಿನ ಚಿಕಿತ್ಸೆಯನ್ನು ಉದಾಹರಣೆಯಾಗಿ ನೋಡಬಹುದು. ರೋಗಿ ಬೋರಲು ಮಲಗಿ ಪಾದವನ್ನು ಮಂಚದ ಅಂಚಿನಿಂದ ಹೊರಗೆ ಇಳಿಬಿಡುತ್ತಾನೆ. ಚಿಕಿತ್ಸಕರು ಒಂದು ಕೈಯಿಂದ ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿದಾಗ ಅಂಗಾಲಿನ ಒಳಬದಿಯಲ್ಲಿ ಫ್ಯಾಸಿಯಾ ಹುರಿಯಂತೆ ಎದ್ದು ಬೆರಳಿಗೆ ಸಿಗುತ್ತದೆ. ಹಿಮ್ಮಡಿ ಮೂಳೆಯ ಒಳಮೂಲೆಯಲ್ಲಿ ಅದು ಅಂಟಿಕೊಂಡಿರುವ ಜಾಗವೇ ಹೆಚ್ಚಾಗಿ ನೋವಿನ ಕೇಂದ್ರ. ಅಲ್ಲಿಗೆ ನೇರವಾಗಿ ಕೈಹಾಕದೆ, ಮೊದಲು ಮೀನಖಂಡದ ಫ್ಯಾಸಿಯಾವನ್ನು ಮೊಣಕಾಲಿನ ಹಿಂಭಾಗದಿಂದ ಹಿಮ್ಮಡಿಯವರೆಗೆ ಸಡಿಲಿಸುತ್ತಾರೆ. ಬಳಿಕ ಗೆಣ್ಣನ್ನು ಅಂಗಾಲಿನ ನಡುವಿಗೆ ಇಳಿಸಿ ಹಿಮ್ಮಡಿಯ ಕಡೆಗೆ ನಿಧಾನವಾಗಿ ಸರಿಸುತ್ತಾರೆ; ರೋಗಿ ಅದೇ ಹೊತ್ತಿಗೆ ಬೆರಳುಗಳನ್ನು ಮಡಿಸಿ ಬಿಡಿಸುತ್ತಾನೆ. ಕೊನೆಗೆ ಮೀನಖಂಡವನ್ನು ಎಳೆದು ಹಿಡಿಯುವ ವ್ಯಾಯಾಮವನ್ನೂ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನೂ ಮನೆಗೆ ಹೇಳಿಕಳಿಸುತ್ತಾರೆ. ವಾರಕ್ಕೆ ಎರಡು ಮೂರು ಬಾರಿ, ನಾಲ್ಕರಿಂದ ಎಂಟು ವಾರ ಎಂಬುದು ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅವಧಿ.

ಪರಿಣಾಮದ ಬಗೆ

ಗಟ್ಟಿಯಾದ ಫ್ಯಾಸಿಯಾ ಕೈಯ ಒತ್ತಡಕ್ಕೂ ಬಿಸುಪಿಗೂ ಕರಗಿ ಹಿಗ್ಗುತ್ತದೆ, ಹಾಗೆಯೇ ಉಳಿಯುತ್ತದೆ ಎಂಬುದು ರೋಲ್ಫ್ ಕಾಲದ ವಿವರಣೆ. ಈ ವಿವರಣೆ ನಿಂತಿಲ್ಲ. ಹನ್ಸ್ ಚೌಧರಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಗಣಿತ ಮಾದರಿಯ ಪ್ರಕಾರ, ತೊಡೆಯ ಆಳದ ಫ್ಯಾಸಿಯಾವನ್ನೂ ಅಂಗಾಲಿನ ಫ್ಯಾಸಿಯಾವನ್ನೂ ಬರಿಯ 1 ಪ್ರತಿಶತ ಒತ್ತಲು ಅಥವಾ ಸರಿಸಲು ಬೇಕಾದ ಬಲವೇ ಚಿಕಿತ್ಸಕರ ಕೈಯ ಅಳವಿಗೆ ಮೀರಿದ್ದು. ಮೂಗಿನ ಫ್ಯಾಸಿಯಾದಂಥ ಮೃದು ಅಂಗಾಂಶ ಮಾತ್ರ ಕೈಗೆ ಬಗ್ಗೀತು. ತೊಡೆಮೂಳೆಗೆ ಉದ್ದಕ್ಕೂ ಭದ್ರವಾಗಿ ಅಂಟಿರುವ ಇಲಿಯೋಟಿಬಿಯಲ್ ಪಟ್ಟಿಯನ್ನು ರೋಲರಿನಿಂದ ಉದ್ದಮಾಡುತ್ತೇವೆ ಎಂಬ ನಂಬಿಕೆಗೂ ಇದೇ ಉತ್ತರ.

ಈಗ ಹೆಚ್ಚು ಒಪ್ಪಿಗೆ ಪಡೆದ ವಿವರಣೆಗಳು ನರಮಂಡಲ ಮತ್ತು ದ್ರವಕ್ಕೆ ಸಂಬಂಧಿಸಿದವು. ನಿಧಾನವಾದ, ಆಳವಾದ ಒತ್ತಡ ರುಫಿನಿಯಂಥ ಗ್ರಾಹಕಗಳನ್ನು ಎಚ್ಚರಿಸಿ ಸ್ನಾಯುವಿನ ಬಿಗುವನ್ನು ಇಳಿಸುತ್ತದೆ ಎಂದು ಜರ್ಮನಿಯ ರಾಬರ್ಟ್ ಶ್ಲೈಪ್ 2003ರಲ್ಲಿ ವಾದಿಸಿದ. ಒತ್ತಡದಿಂದ ಬೆನ್ನುಹುರಿ ಮತ್ತು ಮಿದುಳಿನ ಮಟ್ಟದಲ್ಲಿ ನೋವಿನ ಸಂದೇಶ ತಗ್ಗುವುದು ಮಸಾಜಿನ ಎಲ್ಲ ಬಗೆಗಳಿಗೂ ಸಾಮಾನ್ಯ. ಪದರಗಳ ನಡುವಿನ ಹೈಯಲುರೊನಾನ್ ಉಜ್ಜುವಿಕೆಯ ಬಿಸುಪಿಗೆ ತೆಳುವಾಗಿ ಜಾರಿಕೆ ಮರಳುತ್ತದೆ ಎಂಬ ಪಡೋವಾ ಗುಂಪಿನ ವಾದವೂ ಇದೆ. ಪರಿಣತ ಕೈಯ ಸ್ಪರ್ಶ ಹುಟ್ಟಿಸುವ ಭರವಸೆಗೂ ಇದರಲ್ಲಿ ಪಾಲುಂಟು. ಆ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟವೆಂದ ಮಾತ್ರಕ್ಕೆ ರೋಗಿಗೆ ಸಿಕ್ಕ ಉಪಶಮನ ಸುಳ್ಳಾಗುವುದಿಲ್ಲ.

ಉಪಯೋಗ ಮತ್ತು ಪುರಾವೆ

ದೀರ್ಘಕಾಲದ ಸೊಂಟನೋವು, ಕುತ್ತಿಗೆ ನೋವು, ಹಿಮ್ಮಡಿ ನೋವು, ಟೆನ್ನಿಸ್ ಎಲ್ಬೋ, ಹಿಡಿದುಕೊಂಡ ಭುಜ, ದವಡೆಕೀಲಿನ ನೋವು, ಫೈಬ್ರೊಮಯಾಲ್ಜಿಯಾ ಇವುಗಳಲ್ಲಿ ಈ ಚಿಕಿತ್ಸೆಗಳನ್ನು ಪರೀಕ್ಷಿಸಲಾಗಿದೆ. ಭಾರತದ ಕೊಡುಗೆ ಇಲ್ಲಿ ಗಣನೀಯ. ಎಂ. ಎಸ್. ಅಜಿಂಶಾ ಮತ್ತು ಸಂಗಡಿಗರು ಕೇರಳದಲ್ಲಿ ನಡೆಸಿದ ಯಾದೃಚ್ಛಿಕ ಪರೀಕ್ಷೆಗಳಲ್ಲಿ ಒಂದು ಟೆನ್ನಿಸ್ ಎಲ್ಬೋ ಇದ್ದ ಕಂಪ್ಯೂಟರ್ ವೃತ್ತಿಯವರನ್ನು ಕುರಿತದ್ದು (2012). ಇನ್ನೊಂದು ದೀರ್ಘಕಾಲದ ಸೊಂಟನೋವಿದ್ದ ದಾದಿಯರನ್ನು ಕುರಿತದ್ದು (2014). ಎರಡರಲ್ಲೂ ಮಯೋಫ್ಯಾಸಿಯಲ್ ರಿಲೀಸ್ ಪಡೆದವರ ನೋವು ಹುಸಿಚಿಕಿತ್ಸೆ ಪಡೆದವರಿಗಿಂತ ಹೆಚ್ಚು ತಗ್ಗಿತು. ಇದೇ ಸಂಶೋಧಕರು 2015ರಲ್ಲಿ 19 ಪರೀಕ್ಷೆಗಳನ್ನು ಒಟ್ಟಿಗೆ ವಿಮರ್ಶಿಸಿ, ಅವುಗಳ ಗುಣಮಟ್ಟವೂ ಫಲಿತಾಂಶವೂ ಒಂದೇ ಸಮನಾಗಿಲ್ಲ ಎಂದರು. ತಾವೇ ಬೆಳೆಸುತ್ತಿರುವ ಚಿಕಿತ್ಸೆಯ ಬಗ್ಗೆ ಇಷ್ಟು ನೇರವಾಗಿ ಬರೆದದ್ದು ಮೆಚ್ಚಬೇಕಾದ ವಿಷಯ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. ದೀರ್ಘಕಾಲದ ಸೊಂಟನೋವಿಗೆ ಅದು 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮ ಮತ್ತು ರೋಗಿಶಿಕ್ಷಣದ ಜೊತೆಗೆ ಮಸಾಜನ್ನೂ ಷರತ್ತಿಗೊಳಪಟ್ಟು ಸೇರಿಸಿದೆ. ಸೊಂಟಪಟ್ಟಿ ಮತ್ತು ಎಳೆತದ ಚಿಕಿತ್ಸೆಯನ್ನು ಬೇಡವೆಂದಿದೆ. ಫೋಮ್ ರೋಲರ್ ಸ್ವಲ್ಪ ಹೊತ್ತಿನ ಮಟ್ಟಿಗೆ ಕೀಲಿನ ಚಲನೆಯನ್ನು ಹೆಚ್ಚಿಸುತ್ತದೆ, ವ್ಯಾಯಾಮದ ನಂತರದ ಮೈಕೈ ನೋವನ್ನು ಕೊಂಚ ತಗ್ಗಿಸುತ್ತದೆ. ಸಂಧಿವಾತದಿಂದ ಸವೆದ ಕೀಲನ್ನು ಯಾವ ಹಸ್ತಚಿಕಿತ್ಸೆಯೂ ಸರಿಪಡಿಸದು. ಕೀಲಿನ ಸುತ್ತಲ ಬಿಗಿತ ಮತ್ತು ನೋವನ್ನಷ್ಟೇ ತಗ್ಗಿಸಬಹುದು.

ಎಚ್ಚರಿಕೆ

ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಆ ಕಾಲನ್ನು ಒತ್ತಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅದನ್ನು ಸ್ನಾಯುಸೆಳೆತವೆಂದು ನೀವಿಸಿಕೊಳ್ಳದೆ ವೈದ್ಯರಿಗೆ ತೋರಿಸಬೇಕು. ಹೊಸ ಮೂಳೆಮುರಿತ, ತೆರೆದ ಗಾಯ, ಸೋಂಕು, ಜ್ವರ, ಗೆಡ್ಡೆಯಿರುವ ಜಾಗ, ರಕ್ತನಾಳದ ಉಬ್ಬು ಇವುಗಳಲ್ಲಿ ಚಿಕಿತ್ಸೆ ನಿಷಿದ್ಧ. ರಕ್ತ ತೆಳುಮಾಡುವ ಔಷಧ ಸೇವಿಸುವವರು, ಮೂಳೆ ಟೊಳ್ಳಾದವರು, ಬಹುಕಾಲ ಸ್ಟೆರಾಯ್ಡ್ ಸೇವಿಸಿ ಚರ್ಮ ತೆಳುವಾದವರು ಆಳದ ಒತ್ತಡವನ್ನು ತಪ್ಪಿಸಬೇಕು. ಕತ್ತಿನ ಮುಂಭಾಗವನ್ನು ಬಲವಾಗಿ ಒತ್ತುವುದು ಯಾರಿಗೂ ಸಲ್ಲದು.

ಬೆನ್ನುನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಾಗುವುದು, ಕಾಲು ಬಲಹೀನವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯಕೀಯ ತಪಾಸಣೆ ಆಗಬೇಕು. ಚಿಕಿತ್ಸೆಯ ನಂತರ ಒಂದೆರಡು ದಿನ ಮೈ ನೋಯುವುದು, ಸಣ್ಣಗೆ ಕಂದುಗಟ್ಟುವುದು ಸಾಮಾನ್ಯ. ಹೆಚ್ಚು ನೋವಾದಷ್ಟೂ ಹೆಚ್ಚು ಗುಣ ಎಂಬ ನಂಬಿಕೆಗೆ ಆಧಾರವಿಲ್ಲ.

ಇಂದಿನ ಸ್ಥಿತಿ

ಭಾರತದಲ್ಲಿ ಇದು ಸ್ವತಂತ್ರ ವೃತ್ತಿಯಾಗಿಲ್ಲ. ಫಿಸಿಯೋಥೆರಪಿಯ ಭಾಗವಾಗಿ ನಡೆಯುತ್ತಿದೆ. 2021ರ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಫಿಸಿಯೋಥೆರಪಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಲ್ಲಿ ಫಿಸಿಯೋಥೆರಪಿಯ ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣವಿದೆ. ನಿರ್ದಿಷ್ಟ ಹೆಸರಿನ ಪದ್ಧತಿಗಳನ್ನು ಪದವೀಧರರು ನಂತರ ಚಿಕ್ಕ ಅವಧಿಯ ತರಬೇತಿಗಳಲ್ಲಿ ಕಲಿಯುತ್ತಾರೆ. ಉಳುಕು ತೆಗೆಯುವವರು, ನೀವುವವರು ಹಳ್ಳಿಪಟ್ಟಣಗಳಲ್ಲಿ ಈಗಲೂ ಇದ್ದಾರೆ. ಅವರ ಕೈಚಳಕ ಪರಂಪರೆಯಿಂದ ಬಂದದ್ದು, ಅದನ್ನು ಈ ಪದ್ಧತಿಗಳೊಡನೆ ಒಂದುಗೂಡಿಸಿ ಹೇಳುವುದು ಸರಿಯಲ್ಲ.

ಅಂಗಾಂಶದ ಗಡಸುತನವನ್ನು ಅಳೆಯುವ ಅಲ್ಟ್ರಾಸೌಂಡ್ ಎಲಾಸ್ಟೋಗ್ರಫಿ ಬಂದ ಮೇಲೆ, ಚಿಕಿತ್ಸಕರು ಬೆರಳಿನಿಂದ ಗ್ರಹಿಸಿದ್ದನ್ನು ಪರದೆಯ ಮೇಲಿನ ಅಳತೆಯೊಂದಿಗೆ ಹೋಲಿಸಿ ನೋಡುವುದು ಸಾಧ್ಯವಾಗಿದೆ. ಪರೀಕ್ಷೆಗಳ ವಿನ್ಯಾಸದ ತೊಡಕು ಮಾತ್ರ ಉಳಿದಿದೆ. ಗುಳಿಗೆಯಲ್ಲಾದರೆ ನಿಜವಾದದ್ದು ಯಾವುದು, ಹುಸಿ ಯಾವುದು ಎಂದು ಕೊಡುವವರಿಗೂ ತಿಳಿಯದಂತೆ ಮಾಡಬಹುದು. ಕೈಯಿಂದ ಮಾಡುವ ಚಿಕಿತ್ಸೆಯಲ್ಲಿ ಮಾಡುವವರಿಗೆ ಅದು ಗೊತ್ತೇ ಇರುತ್ತದೆ. ಹುಸಿಸ್ಪರ್ಶವೂ ನರತುದಿಗಳಿಗೆ ಸ್ಪರ್ಶವೇ ಆದ್ದರಿಂದ ಅದರಿಂದಲೂ ನೋವು ಸ್ವಲ್ಪ ಇಳಿಯಬಹುದು. ಬಹುಪಾಲು ಅಧ್ಯಯನಗಳು ರೋಗಿಗಳನ್ನು ಕೆಲವು ವಾರ ಅಥವಾ ತಿಂಗಳು ಮಾತ್ರ ಹಿಂಬಾಲಿಸಿವೆ. ವರ್ಷಗಟ್ಟಲೆ ಹಿಂಬಾಲಿಸಿ, ಬರಿಯ ವ್ಯಾಯಾಮ ಮಾಡಿದವರೊಂದಿಗೆ ಹೋಲಿಸಿ ನೋಡುವ ದೊಡ್ಡ ಪರೀಕ್ಷೆಗಳು ಈ ಕ್ಷೇತ್ರಕ್ಕೆ ಇನ್ನೂ ಬೇಕಾಗಿವೆ.